ದುಡಿದ ಹಣ ನಲವತ್ತೈದು ದಿನಗಳಲ್ಲಿ ಕೈಸೇರಲಿ: ಕೈಗಾರಿಕಾ ಸಚಿವರಿಗೆ ಬೆಳಗಾವಿಯಿಂದ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕೈಗಾರಿಕಾ ಸಚಿವರಿಗೂ ಮಾನ್ಯ ಸಣ್ಣ ಕೈಗಾರಿಕೆಗಳ ಸಚಿವರಿಗೂ ನಮಸ್ಕಾರಗಳು.

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ನಾನೊಂದು ಮಷಿನ್ ಶಾಪ್ ನಡೆಸುತ್ತಿದ್ದೇನೆ. ಹದಿನೆಂಟು ಜನ ಕೆಲಸಗಾರರಿದ್ದಾರೆ. ಇಲ್ಲಿನ ಫೌಂಡ್ರಿಗಳಲ್ಲಿ ಎರಕ ಹೊಯ್ದ ವಾಲ್ವ್ ಬಾಡಿಗಳನ್ನು ತಂದು, ಲೇತ್ ಮತ್ತು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳ ಮೇಲೆ ಕೊರೆದು, ಅಳತೆಗೆ ತಂದು, ಹೈಡ್ರಾಲಿಕ್ ಯಂತ್ರ ತಯಾರಿಸುವ ದೊಡ್ಡ ಕಂಪನಿಗಳಿಗೆ ಕಳುಹಿಸುವುದು ನಮ್ಮ ಕೆಲಸ. ರಾಜ್ಯದ 2025–30ರ ಕೈಗಾರಿಕಾ ನೀತಿಯು 7.5 ಲಕ್ಷ ಕೋಟಿ ರೂಪಾಯಿ ಹೂಡಿಕೆ ಮತ್ತು 20 ಲಕ್ಷ ಉದ್ಯೋಗಗಳ ಗುರಿ ಇಟ್ಟುಕೊಂಡಿರುವುದನ್ನು ನಾವೆಲ್ಲ ಓದಿದ್ದೇವೆ. ಗುರಿ ದೊಡ್ಡದಾಗಿರುವುದಕ್ಕೆ ನನ್ನ ತಕರಾರಿಲ್ಲ. ಆದರೆ ಹೂಡಿಕೆ ಬೇರೆ, ಉದ್ಯಮಶೀಲತೆ ಬೇರೆ. ಮೊದಲನೆಯದನ್ನು ಎಣಿಸುವುದು ಸುಲಭವಾದ್ದರಿಂದ ನಾವು ಅದನ್ನೇ ಎಣಿಸುತ್ತಾ ಬಂದಿದ್ದೇವೆ. ಎರಡನೆಯದು ಎಲ್ಲಿ ಹುಟ್ಟುತ್ತದೆ, ಎಲ್ಲಿ ಸೊರಗುತ್ತದೆ ಎಂಬುದರ ಲೆಕ್ಕ ಯಾವ ಕಚೇರಿಯಲ್ಲಿಯೂ ಇಲ್ಲ. ಅದರ ಬಗ್ಗೆ ಬರೆಯುವ ಸಲುವಾಗಿಯೇ ಈ ಪತ್ರ.

ಅರ್ಥಶಾಸ್ತ್ರ ಓದಿದವರು ಉದ್ಯಮಿ ಎಂದರೆ ಯಾರು ಎಂಬ ಪ್ರಶ್ನೆಗೆ ಹಲವು ಬಗೆಯ ಉತ್ತರ ಕೊಟ್ಟಿದ್ದಾರೆ. ಜೋಸೆಫ್ ಶುಂಪೀಟರ್ 1911ರಲ್ಲಿ, ಇರುವ ಸಾಮಗ್ರಿಗಳನ್ನೇ ಹೊಸ ರೀತಿಯಲ್ಲಿ ಕೂಡಿಸುವವನು ಉದ್ಯಮಿ ಎಂದ. ಹೊಸ ವಸ್ತು, ಹೊಸ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾ ಸಾಮಗ್ರಿಯ ಹೊಸ ಮೂಲ, ಹೊಸ ಸಂಘಟನೆ, ಹೀಗೆ ಐದು ಬಗೆಯ ಕೂಡಿಕೆಗಳನ್ನು ಹೇಳಿದ. ಫ್ರಾಂಕ್ ನೈಟ್ 1921ರಲ್ಲಿ ಅಪಾಯಕ್ಕೂ ಅನಿಶ್ಚಿತತೆಗೂ ಇರುವ ವ್ಯತ್ಯಾಸವನ್ನು ಬಿಡಿಸಿಟ್ಟ. ಬೆಂಕಿ ಅನಾಹುತದಂಥ ಅಪಾಯವನ್ನು ಲೆಕ್ಕ ಹಾಕಿ ವಿಮೆ ಮಾಡಿಸಬಹುದು; ನಾಳೆ ಈ ವಸ್ತುವನ್ನು ಯಾರಾದರೂ ಕೊಳ್ಳುತ್ತಾರೆಯೇ ಎಂಬುದಕ್ಕೆ ವಿಮೆಯಿಲ್ಲ, ಅದನ್ನು ತನ್ನ ತೀರ್ಮಾನದ ಮೇಲೆ ಹೊರುವವನೇ ಉದ್ಯಮಿ, ಲಾಭ ಎನ್ನುವುದು ಆ ಹೊರೆಯ ಪ್ರತಿಫಲ ಎಂಬುದು ಅವನ ವಾದದ ತಿರುಳು. ಇವೆರಡೂ ನಿಜ. ಆದರೆ ನಮ್ಮಂಥ ಬೆಳೆಯುತ್ತಿರುವ ನಾಡಿನ ಸಣ್ಣ ಉದ್ಯಮಿಯ ದಿನಚರಿಗೆ ಎಲ್ಲಕ್ಕಿಂತ ಹತ್ತಿರ ಬಂದದ್ದು 1968ರಲ್ಲಿ ಹಾರ್ವೆ ಲೀಬೆನ್‌ಸ್ಟೈನ್ ಬರೆದ ಮಾತು. ಮುಂದುವರಿದ ದೇಶದಲ್ಲಿ ಉದ್ಯಮಕ್ಕೆ ಬೇಕಾದದ್ದೆಲ್ಲ ಪೇಟೆಯಲ್ಲಿ ಬೆಲೆ ಕೊಟ್ಟರೆ ಸಿಗುತ್ತದೆ. ಹಿಂದುಳಿದ ದೇಶದಲ್ಲಿ ಕೆಲವು ಸಿಗುತ್ತವೆ, ಕೆಲವು ಸಿಗುವುದೇ ಇಲ್ಲ, ಆದ್ದರಿಂದ ಸಿಗದಿರುವುದನ್ನೆಲ್ಲ ತಾನೇ ಹೊಂದಿಸಿ ಕೊರತೆ ತುಂಬುವುದು ಅಲ್ಲಿನ ಉದ್ಯಮಿಯ ಮುಖ್ಯ ಕೆಲಸವಾಗುತ್ತದೆ ಎಂಬುದು ಅದರ ಸಾರ.

ಆ ಮಾತಿನ ಅರ್ಥ ನನಗೆ ಪುಸ್ತಕದಿಂದ ಆಗಲಿಲ್ಲ. ಶಾಪ್ ಶುರುಮಾಡಿದ ಮೊದಲ ವರ್ಷ ನಾನು ಯಂತ್ರದ ಮುಂದೆ ನಿಂತದ್ದಕ್ಕಿಂತ ಬೇರೆ ಕಡೆ ನಿಂತದ್ದೇ ಹೆಚ್ಚು. ವಿದ್ಯುತ್ ಸಂಪರ್ಕದ ಕಚೇರಿಯಲ್ಲಿ ನಿಂತೆ, ನೀರಿನ ಟ್ಯಾಂಕರಿಗಾಗಿ ರಸ್ತೆಯಲ್ಲಿ ನಿಂತೆ, ಒಂದೇ ಒಂದು ಟೂಲ್‌ಗಾಗಿ ರಾತ್ರಿ ಬಸ್ಸಿನಲ್ಲಿ ಪುಣೆಗೆ ಹೋಗಿ ಮರುದಿನ ಬಂದೆ. ಐಟಿಐ ಮುಗಿಸಿ ಬಂದ ಹುಡುಗರಿಗೆ ಮೈಕ್ರೋಮೀಟರ್ ಹಿಡಿಯುವುದನ್ನು ಕಲಿಸಲು ದಿನಕ್ಕೆ ಒಂದು ಗಂಟೆ ತೆಗೆದಿಟ್ಟೆ. ಬೋರಿನ, ಅಂದರೆ ಕೊರೆದ ರಂಧ್ರದ, ಒಳವ್ಯಾಸ ಒಂದು ಮಿಲಿಮೀಟರಿನ ನೂರರ ಎರಡು ಭಾಗದಷ್ಟು ಹೆಚ್ಚುಕಡಿಮೆಯಾದರೆ ಮಾಲು ವಾಪಸು ಬರುತ್ತದೆ ಎಂಬುದು ಅವರ ಬೆರಳಿಗೆ ಗೊತ್ತಾಗಬೇಕಾದರೆ ಆರು ತಿಂಗಳು ಹಿಡಿಯಿತು. ಇದಾವುದೂ ನನ್ನ ಯೋಜನಾ ವರದಿಯಲ್ಲಿ ಇರಲಿಲ್ಲ, ಬ್ಯಾಂಕು ಇದಕ್ಕೆ ಸಾಲ ಕೊಟ್ಟಿರಲಿಲ್ಲ. ಆದರೂ ಉದ್ಯಮ ನಿಂತದ್ದು ಇದರ ಮೇಲೆಯೇ.

ಆ ಹುಡುಗರಲ್ಲಿ ಒಬ್ಬನ ವಿಷಯ ಹೇಳಲೇಬೇಕು. ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದವನು, ನಮ್ಮಲ್ಲಿ ಹೆಲ್ಪರ್ ಆಗಿ ಸೇರಿ ಹನ್ನೊಂದು ವರ್ಷ ದುಡಿದ. ನಮ್ಮ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳು ಬಹಳ. ಕಬ್ಬು ನುರಿಸುವ ಹಂಗಾಮಿನಲ್ಲಿ ಯಾವುದಾದರೂ ಪಂಪಿನ ಗನ್‌ಮೆಟಲ್ ಬುಷ್ (ತಿರುಗುವ ದಂಡದ ಸುತ್ತ ಕೂರುವ ಲೋಹದ ಕೊಳವೆ) ಸವೆದು ನಿಂತರೆ, ಅದನ್ನು ಕೊಲ್ಹಾಪುರಕ್ಕೋ ಪುಣೆಗೋ ಕಳುಹಿಸಿ ಮಾಡಿಸಿ ತರಬೇಕಾಗುತ್ತಿತ್ತು. ಅಷ್ಟು ಹೊತ್ತು ಕೆಲಸ ಕುಂಟುತ್ತದೆ, ಕಡಿದ ಕಬ್ಬು ಅಂಗಳದಲ್ಲಿ ಒಣಗುತ್ತದೆ, ಸಕ್ಕರೆಯ ಇಳುವರಿ ಇಳಿಯುತ್ತದೆ. ಈ ಹುಡುಗ ಹಂಗಾಮಿಲ್ಲದ ತಿಂಗಳುಗಳಲ್ಲಿ ಕಾರ್ಖಾನೆಯಿಂದ ಕಾರ್ಖಾನೆಗೆ ಸೈಕಲ್ ಮೋಟಾರಿನಲ್ಲಿ ಓಡಾಡಿ, ಯಾವ ಯಾವ ಪಂಪಿಗೆ ಯಾವ ಅಳತೆಯ ಬುಷ್ ಎಂದು ಒಂದು ನೋಟುಬುಕ್ಕಿನ ತುಂಬ ಚಿತ್ರ ಬರೆದುಕೊಂಡ. ಬಾಡಿಗೆ ಶೆಡ್ಡಿನಲ್ಲಿ ಒಂದು ಹಳೆಯ ಲೇತ್ ಹಾಕಿ, ಅಗತ್ಯ ಬೀಳಬಹುದಾದ ಎರಕಗಳನ್ನು ಮೊದಲೇ ಮಾಡಿಸಿಟ್ಟು, ಹಂಗಾಮಿನಲ್ಲಿ ರಾತ್ರಿ ಫೋನು ಬಂದರೆ ಬೆಳಗಾಗುವಷ್ಟರಲ್ಲಿ ಬುಷ್ ತಲುಪಿಸುವ ಕೆಲಸ ಶುರುಮಾಡಿದ. ಶುಂಪೀಟರ್ ಹೇಳಿದ ಹೊಸ ಕೂಡಿಕೆ ಇದೇ. ಲೇತ್ ಹೊಸದಲ್ಲ, ಬುಷ್ ಹೊಸದಲ್ಲ, ಲೋಹವೂ ಹೊಸದಲ್ಲ. ಸಮಯವನ್ನು ಮಾರಬಹುದು ಎಂದು ಕಂಡುಕೊಂಡದ್ದು ಹೊಸದು. ಇಂದು ಅವನ ಬಳಿ ನಾಲ್ಕು ಜನ ಕೆಲಸ ಮಾಡುತ್ತಾರೆ.

ಬೆಳೆಯುತ್ತಿರುವ ಆರ್ಥಿಕತೆಯಲ್ಲಿ ಉದ್ಯಮಶೀಲತೆಯ ಪಾತ್ರವೇನು ಎಂದು ಯಾರಾದರೂ ಕೇಳಿದರೆ ನಾನು ಆ ಶೆಡ್ಡನ್ನೇ ತೋರಿಸುತ್ತೇನೆ. ಹೊಲದ ಆದಾಯ ಸಾಕಾಗದ ಮನೆಗಳ ಮಕ್ಕಳಿಗೆ ಊರ ಹತ್ತಿರವೇ ಕೆಲಸ ಸಿಕ್ಕಿದೆ. ಹೊರಗೆ ಹೋಗುತ್ತಿದ್ದ ಹಣ ಜಿಲ್ಲೆಯಲ್ಲಿಯೇ ಸುತ್ತುತ್ತಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಶಾಪಿನಲ್ಲಿ ಕಲಿತ ವಿದ್ಯೆ ಇನ್ನೊಂದು ಶಾಪಿಗೆ ಹಬ್ಬಿದೆ, ನಿನ್ನೆಯ ಕೂಲಿಯವನು ಇಂದು ನಾಲ್ವರಿಗೆ ಸಂಬಳ ಕೊಡುವವನಾಗಿದ್ದಾನೆ. ದೊಡ್ಡ ಕಾರ್ಖಾನೆಯೊಂದನ್ನು ರಿಯಾಯಿತಿ ಕೊಟ್ಟು ಕರೆತರಬಹುದು, ಆದರೆ ಇಂಥವನನ್ನು ಕರೆತರಲಾಗದು. ಅವನು ಇಲ್ಲಿಯೇ ಹುಟ್ಟಬೇಕು, ಹುಟ್ಟಿದ ಮೇಲೆ ಬದುಕಬೇಕು.

ಕರ್ನಾಟಕಕ್ಕೆ ಇದು ಹೊಸ ಪಾಠವೇನಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಮೈಸೂರಿನ ಶ್ರೀಗಂಧದ ಕೊರಡುಗಳು ಯುರೋಪಿಗೆ ಹೋಗಲಾರದೆ ರಾಶಿಬಿದ್ದಾಗ, ಇಲ್ಲಿಯೇ ಎಣ್ಣೆ ತೆಗೆಯುವ ಕಾರ್ಖಾನೆಯನ್ನು 1916ರಲ್ಲಿ ಆರಂಭಿಸಿ ಸರ್ಕಾರವೇ ಕೊರತೆ ತುಂಬಿತು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಕರಾವಳಿಯ ಉದಾಹರಣೆ ನನಗೆ ಇದಕ್ಕಿಂತಲೂ ಪ್ರಿಯವಾದದ್ದು. ಕೈಮಗ್ಗದ ನೇಕಾರರು ಕಷ್ಟಕ್ಕೆ ಬಿದ್ದಿದ್ದ 1925ರಲ್ಲಿ, ಉಡುಪಿಯಲ್ಲಿ ವೈದ್ಯರಾಗಿದ್ದ ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವರು 8,000 ರೂಪಾಯಿ ಬಂಡವಾಳದಿಂದ ಒಂದು ಬ್ಯಾಂಕನ್ನು ತೆರೆದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಆ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಲ್ಲಿಯೇ ಉಳಿತಾಯ ಸಂಗ್ರಹಿಸಿತು. ಎರಡಾಣೆ ಉಳಿಸುವವರು ಬ್ಯಾಂಕಿಗೆ ಬರುವುದಿಲ್ಲ ಎಂದು ಎಲ್ಲರೂ ಬಲ್ಲರು. ಹಾಗಾದರೆ ಬ್ಯಾಂಕೇ ಅವರ ಬಳಿಗೆ ಹೋಗಲಿ ಎಂದು ಯೋಚಿಸಿದ್ದು ಈ ಮೂವರು. ಪೇಟೆಯಲ್ಲಿ ಇಲ್ಲದ ಹಣಕಾಸಿನ ಏರ್ಪಾಟನ್ನು ಹುಟ್ಟಿಸಿದ ಈ ಕೆಲಸಕ್ಕಿಂತ ದೊಡ್ಡ ಉದ್ಯಮಶೀಲತೆ ನನಗೆ ಕಾಣುವುದಿಲ್ಲ. ಧರ್ಮಸ್ಥಳ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೂಡಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯೂ ಇದೇ ಮನೋಧರ್ಮದ್ದು. ಗ್ರಾಮೀಣ ಯುವಜನರಿಗೆ ಸ್ವಉದ್ಯೋಗ ಕಲಿಸುವ ಆ ಮಾದರಿ ಮುಂದೆ ದೇಶದ ಜಿಲ್ಲೆ ಜಿಲ್ಲೆಗೂ ಹರಡಿತು.

ಅಂದರೆ ತರಬೇತಿ ಇದೆ. ಛಲವಂತೂ ಧಾರಾಳವಾಗಿ ಇದೆ. ಮುದ್ರಾ ಯೋಜನೆ ಬಂದ 2015ರಿಂದ ಸಣ್ಣ ಸಾಲದ ಬಾಗಿಲೂ ಮೊದಲಿಗಿಂತ ಹೆಚ್ಚು ತೆರೆದಿದೆ. ಹೀಗಿದ್ದೂ ನಮ್ಮ ಕೈಗಾರಿಕಾ ಪ್ರದೇಶದಲ್ಲಿ ಪ್ರತಿ ವರ್ಷ ಶೆಡ್ಡುಗಳು ಯಾಕೆ ಮುಚ್ಚುತ್ತವೆ? ಆರ್ಡರ್ ಇಲ್ಲದೆ ಮುಚ್ಚಿದ್ದನ್ನು ನಾನು ನೋಡಿದ್ದು ಕಡಿಮೆ. ಮಾಡಿಕೊಟ್ಟ ಕೆಲಸದ ಹಣ ಬಾರದೆ ಮುಚ್ಚಿದ್ದನ್ನು ಬಹಳ ನೋಡಿದ್ದೇನೆ.

ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ನಾನು 10 ಲಕ್ಷ ರೂಪಾಯಿಯ ಮಾಲು ಕಳುಹಿಸಿದೆ ಎಂದುಕೊಳ್ಳಿ. ಎರಕ, ಟೂಲ್, ಕೂಲಿ, ವಿದ್ಯುತ್ ಎಲ್ಲ ಸೇರಿ 9 ಲಕ್ಷದ 40 ಸಾವಿರ ಖರ್ಚಾಗಿದೆ, ಉಳಿಯಬೇಕಾದದ್ದು 60 ಸಾವಿರ. ಫೌಂಡ್ರಿಯವರಿಗೆ ತಿಂಗಳೊಳಗೆ ಕೊಡಬೇಕು, ಅವರಿಗೂ ಕಷ್ಟವಿದೆ. ಸಂಬಳ ಏಳನೇ ತಾರೀಖಿಗೆ ಆಗಬೇಕು. ಬಿಲ್ಲು ಮಾಡಿದ ಮರುತಿಂಗಳ ಇಪ್ಪತ್ತನೇ ತಾರೀಖಿನೊಳಗೆ, ಖರೀದಿಯ ತೆರಿಗೆ ಕಳೆದು ಉಳಿದ ಜಿಎಸ್‌ಟಿಯನ್ನು ನಾನು ಕಟ್ಟಲೇಬೇಕು, ಹಣ ನನ್ನ ಕೈಗೆ ಬಂದಿರಲಿ ಬಿಡಲಿ. ಕೊಳ್ಳುವ ಕಂಪನಿ ಹಣ ಕೊಡುವುದು 120 ದಿನಕ್ಕೆ. ಅಷ್ಟು ದಿನವೂ ನಾನು ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಖಾತೆಯಿಂದ ಹಣ ಎತ್ತಿ ನಡೆಸುತ್ತೇನೆ, ಶೇ. 11ರ ಬಡ್ಡಿಯಂತೆ ಅದು ಸುಮಾರು 34 ಸಾವಿರವಾಗುತ್ತದೆ. ತೆರಿಗೆಗೆ ಹಾಕಿದ ಹಣದ ಬಡ್ಡಿ ಬೇರೆ. ನನ್ನ ಲಾಭದ ಅರ್ಧಕ್ಕಿಂತ ಹೆಚ್ಚನ್ನು ನಾನು ದೊಡ್ಡ ಕಂಪನಿಗೆ ಸಾಲ ಕೊಟ್ಟದ್ದಕ್ಕಾಗಿ ಬ್ಯಾಂಕಿಗೆ ಕಟ್ಟಿದಂತಾಯಿತು. ಇದರ ನಡುವೆ ನನ್ನ ಸಿಸಿ ಖಾತೆ 90 ದಿನ ಸರಿಯಾಗಿ ನಡೆಯದಿದ್ದರೆ ಬ್ಯಾಂಕು ಅದನ್ನು ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಎಂದು ಬರೆದುಬಿಡುತ್ತದೆ. ನನಗೆ ಹಣ ಬರುವುದು 120ನೇ ದಿನ, ನನ್ನ ಹೆಸರು ಕೆಡುವುದು 90ನೇ ದಿನ.

ನೈಟ್ ಹೇಳಿದ ಅನಿಶ್ಚಿತತೆಯನ್ನು ಹೊರಲು ನಾವು ಸಿದ್ಧರಿದ್ದೇವೆ. ಮಾಲು ಹೋಗದಿದ್ದರೆ ನಷ್ಟ ನಮ್ಮದು, ಬೋರು ಕೆಟ್ಟರೆ ನಷ್ಟ ನಮ್ಮದು. ಆದರೆ ಮಾಲು ಒಪ್ಪಿತವಾಗಿ, ಯಂತ್ರಕ್ಕೆ ಜೋಡಣೆಯಾಗಿ, ಆ ಯಂತ್ರ ಮಾರಾಟವಾಗಿ, ಅದರ ಹಣವೂ ಕಂಪನಿಗೆ ಬಂದ ಮೇಲೆ ನನ್ನ ಹಣ ಬಾರದಿರುವುದು ಯಾವ ಮಾರುಕಟ್ಟೆಯ ಅನಿಶ್ಚಿತತೆ? ಅದು ಬಲವಿದ್ದವನು ಬಲವಿಲ್ಲದವನ ಮೇಲೆ ಹೊರಿಸುವ ಭಾರ. ಉದ್ಯಮಶೀಲತೆ ಎಲ್ಲ ಕಾಲಕ್ಕೂ ಇರುತ್ತದೆ, ಅದು ದುಡಿಮೆಯ ಕಡೆ ಹರಿಯುತ್ತದೋ ಕಿತ್ತುಕೊಳ್ಳುವ ಕಡೆ ಹರಿಯುತ್ತದೋ ಎಂಬುದನ್ನು ಆಟದ ನಿಯಮಗಳು ತೀರ್ಮಾನಿಸುತ್ತವೆ ಎಂದು ಅರ್ಥಶಾಸ್ತ್ರಜ್ಞ ವಿಲಿಯಂ ಬಾಮೋಲ್ 1990ರಲ್ಲಿ ವಾದಿಸಿದ. ಇತರರ ಹಣವನ್ನು ನಾಲ್ಕು ತಿಂಗಳು ಬಡ್ಡಿಯಿಲ್ಲದೆ ಇಟ್ಟುಕೊಳ್ಳುವುದೇ ಜಾಣತನವೆನ್ನಿಸಿಕೊಳ್ಳುವ ನಿಯಮವಿದ್ದರೆ, ಜಾಣರು ಅದನ್ನೇ ಮಾಡುತ್ತಾರೆ.

ಕಾನೂನು ಇಲ್ಲವೇ ಎಂದರೆ ಇದೆ, ಒಳ್ಳೆಯದೇ ಇದೆ. 2006ರ ಎಂಎಸ್‌ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಒಪ್ಪಂದ ಏನೇ ಇರಲಿ 45 ದಿನ ಮೀರುವಂತಿಲ್ಲ. 16ನೇ ಕಲಮು ಮೀರಿದ್ದಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ವಿಧಿಸುತ್ತದೆ. ದೂರು ಹೋದರೆ, ಬಾಕಿ ಹಣದ ತಕರಾರು ಕೇಳುವ ಸೌಲಭ್ಯ ಮಂಡಳಿಯು 90 ದಿನಗಳಲ್ಲಿ ತೀರ್ಮಾನಿಸಬೇಕು ಎನ್ನುತ್ತದೆ 18ನೇ ಕಲಮು. ಒಮ್ಮೆ ನಾನು ಆ ದಾರಿ ಹಿಡಿದೆ. ಎರಡು ವರ್ಷ ಕಳೆದ ಮೇಲೆ ಆದೇಶ ನನ್ನ ಪರವಾಗಿ ಬಂತು, ಅಷ್ಟರಲ್ಲಿ ಆ ಕಂಪನಿಯ ಆರ್ಡರ್ ನಿಂತು ಒಂದು ವರ್ಷವಾಗಿತ್ತು. ಅದಕ್ಕೆಂದೇ ಇಟ್ಟಿದ್ದ ಎರಡು ಯಂತ್ರಗಳಿಗೆ ಹೊದಿಕೆ ಹೊದಿಸಿ, ಇಬ್ಬರು ಹುಡುಗರನ್ನು ಮನೆಗೆ ಕಳುಹಿಸಬೇಕಾಯಿತು. ಅಂದಿನಿಂದ ನಾನು ದೂರು ಕೊಟ್ಟಿಲ್ಲ. ಅಕ್ಕಪಕ್ಕದವರೂ ಕೊಡುವುದಿಲ್ಲ. ಕೊಟ್ಟವನಿಗೆ ಹಣ ಸಿಗಬಹುದು, ಕೆಲಸ ಸಿಗುವುದಿಲ್ಲ.

ಅವಧಿ ಮೀರಿ ಬಾಕಿ ಉಳಿದ ಹಣವನ್ನು, ಅದನ್ನು ಕೊಡುವ ತನಕ, ಮಾಲು ಕೊಂಡ ಕಂಪನಿಗಳು ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸುವಂತಿಲ್ಲ ಎಂಬ ನಿಯಮವನ್ನು ಕೇಂದ್ರ ಸರ್ಕಾರ 2023ರಲ್ಲಿ ತಂದು, 2024ರ ಏಪ್ರಿಲ್ 1ರಿಂದ ಜಾರಿ ಮಾಡಿತು. ಉದ್ದೇಶ ಉತ್ತಮವಾದದ್ದು. ಆದರೆ ಮಾರ್ಚ್ 31ರೊಳಗೆ ಬಾಕಿ ತೀರಿಸಿಬಿಟ್ಟರೆ, ವರ್ಷದ ಮಧ್ಯೆ ಎಷ್ಟು ತಡವಾಗಿದ್ದರೂ ಆ ನಿಯಮದಿಂದ ಕಂಪನಿಗೆ ನಷ್ಟವಿಲ್ಲ. ಹೀಗಾಗಿ ಮಾರ್ಚ್ ತಿಂಗಳಲ್ಲಿ ನಮ್ಮ ಖಾತೆಗೆ ಹಣ ಬರುತ್ತದೆ, ಏಪ್ರಿಲ್‌ನಿಂದ ಮತ್ತೆ ಹಳೆಯ ದಾರಿಯೇ. ಬಿಲ್ಲುಗಳನ್ನು ಮುಂಚೆಯೇ ನಗದು ಮಾಡಿಕೊಡುವ ಟ್ರೆಡ್ಸ್ ವೇದಿಕೆಗಳಲ್ಲಿ 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ನೋಂದಾಯಿಸಿಕೊಳ್ಳಬೇಕೆಂಬ ಆದೇಶವೂ 2024ರಲ್ಲಿ ಬಂದಿದೆ. ನೋಂದಾಯಿಸಿಕೊಂಡ ಕಂಪನಿ ನಮ್ಮ ಬಿಲ್ಲನ್ನು ಅಲ್ಲಿ ಒಪ್ಪಿಕೊಂಡರೆ ಮಾತ್ರ ನಮಗೆ ಪ್ರಯೋಜನ.

ಇವು ಕೇಂದ್ರದ ಕಾನೂನುಗಳು, ರಾಜ್ಯ ಏನು ಮಾಡಬಹುದು ಎಂದು ತಾವು ಕೇಳಬಹುದು. ರಾಜ್ಯದ ಕೈಯಲ್ಲಿ ಒಂದು ಬಲವಾದ ಸಾಧನವಿದೆ. ಕೈಗಾರಿಕಾ ನೀತಿಯಡಿ ದೊಡ್ಡ ಕಂಪನಿಗಳಿಗೆ ಸಹಾಯಧನ, ತೆರಿಗೆ ಮತ್ತು ಶುಲ್ಕಗಳ ರಿಯಾಯಿತಿ ಕೊಡುವುದು ರಾಜ್ಯ ಸರ್ಕಾರ. ಆ ರಿಯಾಯಿತಿಯ ಪ್ರತಿ ಕಂತಿಗೂ ಒಂದು ಷರತ್ತು ಹಾಕಿ: ಸಣ್ಣ ಪೂರೈಕೆದಾರರ ಬಾಕಿಯನ್ನು 45 ದಿನಗಳಲ್ಲಿ ತೀರಿಸಿರಬೇಕು. ಇದಕ್ಕೆ ಹೊಸ ಕಾಗದಪತ್ರವೂ ಬೇಕಿಲ್ಲ. ಕಿರು ಮತ್ತು ಸಣ್ಣ ಘಟಕಗಳಿಗೆ 45 ದಿನ ಮೀರಿ ಬಾಕಿ ಉಳಿಸಿಕೊಂಡ ಕಂಪನಿಗಳು ಆರು ತಿಂಗಳಿಗೊಮ್ಮೆ ಕಂಪನಿ ರಿಜಿಸ್ಟ್ರಾರ್‌ಗೆ ಎಂಎಸ್‌ಎಂಇ-1 ಎಂಬ ಫಾರಂ ಸಲ್ಲಿಸಬೇಕೆಂಬ ನಿಯಮ 2019ರಿಂದಲೇ ಇದೆ. ಆ ಫಾರಂನ ಪ್ರತಿಯನ್ನೂ ಲೆಕ್ಕಪರಿಶೋಧಕರ ದೃಢೀಕರಣವನ್ನೂ ಸಹಾಯಧನದ ಅರ್ಜಿಯೊಂದಿಗೆ ಕೇಳಿದರೆ ಸಾಕು. ಸಣ್ಣವನು ದೂರು ಕೊಡಬೇಕಾಗಿಲ್ಲ, ಹೆದರಬೇಕಾಗಿಲ್ಲ, ತನ್ನ ಹೆಸರನ್ನು ಎಲ್ಲಿಯೂ ಹೇಳಬೇಕಾಗಿಲ್ಲ. ನಾಡಿನ ಜನರ ತೆರಿಗೆ ಹಣದಿಂದ ಸಹಾಯ ಪಡೆಯುವವರು ನಾಡಿನ ಸಣ್ಣ ಘಟಕಗಳ ಹಣವನ್ನು ಹಿಡಿದಿಟ್ಟುಕೊಳ್ಳಬಾರದು ಎಂದು ಕೇಳುವುದು ಅತಿಯಾದ ಬೇಡಿಕೆಯಲ್ಲ.

ಇದನ್ನು ಇತರರಿಗೆ ಹೇಳುವ ಮೊದಲು ಸರ್ಕಾರ ತನ್ನ ನಿಗಮ, ಮಂಡಳಿ, ಇಲಾಖೆಗಳು ಸಣ್ಣ ಘಟಕಗಳಿಗೆ ಕೊಡಬೇಕಾದ ಬಾಕಿಯನ್ನು ತಿಂಗಳು ತಿಂಗಳು ಪ್ರಕಟಿಸಬೇಕು. ಸೌಲಭ್ಯ ಮಂಡಳಿಯ ಮುಂದೆ 90 ದಿನ ಮೀರಿದ ಪ್ರಕರಣಗಳು ಎಷ್ಟಿವೆ ಎಂಬ ಪಟ್ಟಿಯೂ ಅದರ ಜೊತೆಗೇ ಬರಲಿ.

ಕಬ್ಬು ಬೆಳೆಗಾರರ ಉದಾಹರಣೆಯನ್ನೇ ನೋಡಿ. ಕಬ್ಬು ಪೂರೈಸಿದ 14 ದಿನಗಳಲ್ಲಿ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಅದು ತಪ್ಪಿದಾಗ ರೈತರು ರಸ್ತೆಗಿಳಿಯುತ್ತಾರೆ, ಜಿಲ್ಲಾಧಿಕಾರಿಗಳು ಸಭೆ ಕರೆಯುತ್ತಾರೆ, ವಿಧಾನಸಭೆಯಲ್ಲಿ ಪ್ರಶ್ನೆ ಏಳುತ್ತದೆ. ರೈತರ ಆ ಹೋರಾಟ ನ್ಯಾಯವಾದದ್ದು, ನನ್ನ ಅಣ್ಣನೂ ಕಬ್ಬು ಬೆಳೆಯುವವನೇ. ಆದರೆ ಅದೇ ಕಾರ್ಖಾನೆಗೆ ಬುಷ್ ಮಾಡಿಕೊಟ್ಟವನ ಬಾಕಿಗಾಗಿ ಯಾರೂ ಸಭೆ ಕರೆದದ್ದಿಲ್ಲ. ಅವನು ಒಬ್ಬಂಟಿ, ಅವನ ಬಾಕಿ ಮೂರೋ ನಾಲ್ಕೋ ಲಕ್ಷ. ಅವನ ನಾಲ್ಕು ಜನರ ಸಂಬಳ ಮಾತ್ರ ಅದರಿಂದಲೇ ಆಗಬೇಕು.

ಇನ್ನೆರಡು ಮಾತುಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. 10 ಲಕ್ಷದವರೆಗಿನ ಸಾಲಕ್ಕೆ ಸಣ್ಣ ಘಟಕಗಳಿಂದ ಆಸ್ತಿ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲಿಯೇ ಹೇಳಿತ್ತು. ಆದರೂ ನಮ್ಮ ಸಾಲಿನಲ್ಲಿ ಪ್ಯಾಕಿಂಗ್ ಘಟಕ ನಡೆಸುವ ಒಬ್ಬ ಸಹೋದರಿಗೆ, ಸಾಲ ಕೇಳಲು ಹೋದಾಗ ಮೊದಲು ಎದುರಾದ ಪ್ರಶ್ನೆ ಗಂಡನ ಹೆಸರಿನಲ್ಲಿ ಜಾಗವಿದೆಯೇ ಎಂಬುದು. ಆಕೆಯ ಲೆಕ್ಕಪುಸ್ತಕವನ್ನು ಆಮೇಲೆಯೂ ಯಾರೂ ತೆರೆದು ನೋಡಲಿಲ್ಲ. ರಾಜ್ಯಮಟ್ಟದ ಬ್ಯಾಂಕರುಗಳ ಸಭೆಯಲ್ಲಿ ತಾವು ಈ ಪ್ರಶ್ನೆಯನ್ನು ಎತ್ತಬೇಕು.

ಇನ್ನೊಂದು, ಸೋತವರ ವಿಷಯ. ಹೊಸದನ್ನು ಮಾಡಿ ನೋಡುವವರಲ್ಲಿ ಒಂದಷ್ಟು ಜನ ಸೋಲುತ್ತಾರೆ, ಸೋಲದಂತೆ ಮಾಡುವ ಯೋಜನೆ ಯಾವ ದೇಶದಲ್ಲಿಯೂ ಇಲ್ಲ. ಸೋತವನು ಸಾಲ ಕೊಟ್ಟವರೊಂದಿಗೆ ಮರ್ಯಾದೆಯಿಂದ ಲೆಕ್ಕ ತೀರಿಸಿಕೊಂಡು ಮತ್ತೆ ಆರಂಭಿಸುವ ದಾರಿ ಇರಬೇಕು. 2021ರಲ್ಲಿ ಸಣ್ಣ ಉದ್ಯಮಗಳಿಗೆಂದು ದಿವಾಳಿ ಸಂಹಿತೆಯಲ್ಲಿ ತಂದ ಸರಳ ವಿಧಾನವು ಕಂಪನಿ ಮತ್ತು ಎಲ್‌ಎಲ್‌ಪಿಗಳಿಗೆ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆಗಳಿಗೆ) ಮಾತ್ರ. ಉದ್ಯಮಬಾಗದ ಬಹುಪಾಲು ಶೆಡ್ಡುಗಳು ಒಬ್ಬರ ಹೆಸರಿನ ಪ್ರೊಪ್ರೈಟರಿ ಘಟಕಗಳು. ಅಲ್ಲಿ ಶಾಪು ಮುಳುಗಿದರೆ ಅದರ ಜೊತೆ ಮನೆಯೂ ಮುಳುಗುತ್ತದೆ. ಅತ್ಯುತ್ತಮ ಫಿಟ್ಟರ್ ಎನಿಸಿಕೊಂಡಿದ್ದ ಒಬ್ಬರು ಶಾಪು ಮುಚ್ಚಿದ ಮೇಲೆ ಪೇಟೆಯ ಒಂದು ಗೋದಾಮಿನಲ್ಲಿ ಕಾವಲು ಕಾಯುತ್ತಿದ್ದಾರೆ. ಇಪ್ಪತ್ತು ವರ್ಷ ಅವರ ಕೈಯಲ್ಲಿ ಕೂತ ವಿದ್ಯೆ ಈಗ ಯಾರಿಗೂ ಉಪಯೋಗಕ್ಕಿಲ್ಲ. ಈ ದಾರಿಯನ್ನು ಪ್ರೊಪ್ರೈಟರಿ ಘಟಕಗಳಿಗೂ ತೆರೆಯಬೇಕೆಂದು ರಾಜ್ಯವು ಕೇಂದ್ರಕ್ಕೆ ಬರೆಯಬೇಕೆಂದು ಕೋರುತ್ತೇನೆ.

ಚಳಿಗಾಲದ ಅಧಿವೇಶನಕ್ಕೆ ತಾವು ಬೆಳಗಾವಿಗೆ ಬರುತ್ತೀರಿ. ಸುವರ್ಣ ವಿಧಾನಸೌಧದಿಂದ ಉದ್ಯಮಬಾಗ ದೂರವೇನಲ್ಲ. ಒಂದು ಬೆಳಿಗ್ಗೆ, ಹಾರ ಶಾಲುಗಳ ಏರ್ಪಾಟಿಲ್ಲದೆ, ನಮ್ಮ ಸಾಲಿನ ಯಾವುದಾದರೂ ನಾಲ್ಕು ಶೆಡ್ಡುಗಳ ಒಳಗೆ ಬನ್ನಿ. ಯಂತ್ರಗಳನ್ನು ನೋಡುವುದಕ್ಕೂ ಮೊದಲು ಮೇಜಿನ ಮೇಲಿನ ಬಾಕಿ ಬಿಲ್ಲುಗಳ ಫೈಲನ್ನು ತೆಗೆಸಿ, ಪ್ರತಿ ಬಿಲ್ಲಿನ ತಾರೀಖನ್ನು ಓದಿ. ಬುಷ್ ಮಾಡುವ ಹುಡುಗನ ಶೆಡ್ಡು ಎಡಗಡೆಯ ಕೊನೆಯದು. ಕಳೆದ ಹಂಗಾಮಿನಲ್ಲಿ ಅವನು ರಾತ್ರೋರಾತ್ರಿ ಮಾಡಿಕೊಟ್ಟ ಮಾಲಿನ 3 ಲಕ್ಷದ 40 ಸಾವಿರ ರೂಪಾಯಿ ಏಳು ತಿಂಗಳಾದರೂ ಬಂದಿಲ್ಲ. ಮುಂದಿನ ಹಂಗಾಮಿಗೆ ಎರಕ ಮಾಡಿಸಿಡಬೇಕಾದ ಹಣವೂ ಅದೇ.

ಇಂತಿ ತಮ್ಮ ವಿಶ್ವಾಸಿ,
ಉದ್ಯಮಬಾಗದ ಒಬ್ಬ ಸಣ್ಣ ಉದ್ಯಮಿ
ಬೆಳಗಾವಿ